ಕ್ರಾಂತಿಯ ಗಡಿ, ನ್ಯಾಯದ ಗಡಿ

ಒಂದು ದೇಶದಲ್ಲಿ ಗೆದ್ದ ಕ್ರಾಂತಿಕಾರಿಯು ಆ ಗೆಲುವಿನಲ್ಲಿ ನೆಲೆ ನಿಲ್ಲದೆ, ತನ್ನದಲ್ಲದ ಇನ್ನೊಂದು ನಾಡಿನಲ್ಲಿ ಬಂಡಾಯ ಹೂಡಲು ಹೊರಡುವುದೇಕೆ ಎಂಬುದನ್ನು ರಾಜಕೀಯ ಇತಿಹಾಸದ ಪ್ರಶ್ನೆಯೆಂದೇ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆಯಾದರೂ ಅದರ ಬೇರು ಇರುವುದು ನೀತಿಶಾಸ್ತ್ರದಲ್ಲಿ. ಅನ್ಯಾಯಕ್ಕೆ ಗಡಿಯಿಲ್ಲವೆಂದು ಒಪ್ಪಿದರೆ ಅದನ್ನು ಎದುರಿಸುವ ಹೊಣೆಗೂ ಗಡಿ ಹಾಕಲಾಗದು. ಆದರೆ ಒಂದು ಜನಸಮುದಾಯವು ಯಾವಾಗ, ಯಾರ ನೇತೃತ್ವದಲ್ಲಿ, ಎಷ್ಟು ನೆತ್ತರು ತೆತ್ತು ಬಿಡುಗಡೆ ಪಡೆಯಬೇಕು ಎಂಬುದನ್ನು ಹೊರಗಿನವನು ತೀರ್ಮಾನಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡು ಪ್ರಶ್ನೆಗಳು ಮುಖಾಮುಖಿಯಾದ ಸ್ಪಷ್ಟ ಸಂದರ್ಭವೆಂದರೆ ಅರ್ನೆಸ್ಟೊ ಚೆ ಗೆವಾರನ ಬೊಲಿವಿಯ ಹೋರಾಟ.

1928ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿ ವೈದ್ಯಶಾಸ್ತ್ರ ಓದಿದ ಗೆವಾರ, 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಸರ್ಕಾರವು ಅಮೆರಿಕದ ಬೆಂಬಲದ ದಂಗೆಯಿಂದ ಉರುಳಿದ್ದನ್ನು ಅಲ್ಲಿಯೇ ಇದ್ದು ಕಂಡವನು. ಮರುವರ್ಷ ಮೆಕ್ಸಿಕೊದಲ್ಲಿ ಫಿಡೆಲ್ ಕ್ಯಾಸ್ಟ್ರೊನ ತಂಡವನ್ನು ಸೇರಿ, 1956ರ ಡಿಸೆಂಬರಿನಲ್ಲಿ 82 ಜನರಲ್ಲಿ ಒಬ್ಬನಾಗಿ ಕ್ಯೂಬಾದ ತೀರಕ್ಕೆ ಇಳಿದು, 1959ರ ಜನವರಿಯ ವಿಜಯದ ನಂತರ ಆ ದೇಶದ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷನೂ ಕೈಗಾರಿಕಾ ಮಂತ್ರಿಯೂ ಆದ. ಆ ಎಲ್ಲ ಪದವಿಗಳನ್ನು ಬಿಟ್ಟು 1965ರಲ್ಲಿ ಕಾಂಗೊಕ್ಕೆ ಹೋಗಿ ಸೋತು, 1966ರ ನವೆಂಬರಿನಲ್ಲಿ ವೇಷ ಮರೆಸಿಕೊಂಡು ಬೊಲಿವಿಯವನ್ನು ಪ್ರವೇಶಿಸಿದ. ಅಧಿಕಾರದ ಹಂಬಲವೊಂದರಿಂದಲೇ ಈ ನಡೆಯನ್ನು ವಿವರಿಸಲಾಗದು, ಏಕೆಂದರೆ ಆತ ಬಿಟ್ಟುಬಂದದ್ದೇ ಅಧಿಕಾರವನ್ನು.

ಈ ನಡೆಯ ಹಿಂದಿನ ಮೊದಲ ಕಾರಣ ಆತ್ಮರಕ್ಷಣೆಯ ತರ್ಕ. ಸುತ್ತಲೂ ಶತ್ರುಗಳಿರುವಾಗ ಒಂಟಿ ಕ್ರಾಂತಿ ಬಹುಕಾಲ ಉಳಿಯಲಾರದು ಎಂಬ ವಿಚಾರ ಕ್ಯೂಬಾಕ್ಕಿಂತ ಹಳೆಯದು. ಹಿಂದುಳಿದ ದೇಶವೊಂದರಲ್ಲಿ ಆರಂಭವಾದ ಕ್ರಾಂತಿಯು ಇತರ ದೇಶಗಳಿಗೆ ಹರಡಿದಾಗ ಮಾತ್ರ ಪೂರ್ಣಗೊಳ್ಳುತ್ತದೆ ಎಂಬುದು ರಷ್ಯದ ಕ್ರಾಂತಿಕಾರಿ ಟ್ರಾಟ್ಸ್ಕಿಯ ‘ನಿರಂತರ ಕ್ರಾಂತಿ’ ಸಿದ್ಧಾಂತದ ಮುಖ್ಯ ಅಂಶ. 1920ರ ಕಮ್ಯುನಿಸ್ಟ್ ಅಂತರರಾಷ್ಟ್ರೀಯ ಸಂಘಟನೆಯ ಎರಡನೆಯ ಅಧಿವೇಶನದಲ್ಲಿ ಬಂಗಾಳದ ಎಂ.ಎನ್. ರಾಯ್ ಅವರು ಲೆನಿನ್ನನೊಂದಿಗೆ ವಾದಿಸುತ್ತ, ಯುರೋಪಿನ ಬಂಡವಾಳಶಾಹಿಯು ವಸಾಹತುಗಳ ಲಾಭದಿಂದ ಬದುಕಿರುವುದರಿಂದ ಏಷ್ಯದ ಬಂಡಾಯವಿಲ್ಲದೆ ಯುರೋಪಿನ ಕ್ರಾಂತಿ ಗೆಲ್ಲದು ಎಂಬ ನಿಲುವು ತಳೆದದ್ದೂ ಇದೇ ಸಾಲಿನ ಚಿಂತನೆ. 1962ರಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯಿಂದ ಹೊರದೂಡಲ್ಪಟ್ಟು, ಅಮೆರಿಕದ ಪೂರ್ಣ ವಾಣಿಜ್ಯ ದಿಗ್ಬಂಧನಕ್ಕೂ ಸಿಲುಕಿದ ಕ್ಯೂಬಾಕ್ಕೆ ಇದು ಬರಿಯ ಸಿದ್ಧಾಂತವಾಗಿರಲಿಲ್ಲ. ಬಲಿಷ್ಠ ಶತ್ರುವಿನ ಶಕ್ತಿ ಚದುರಬೇಕಾದರೆ ವಿಯೆಟ್ನಾಮಿನಂತಹ ರಣರಂಗಗಳು ಹಲವು ಹುಟ್ಟಬೇಕು ಎಂದು ಗೆವಾರ 1967ರ ಏಪ್ರಿಲಿನಲ್ಲಿ ಪ್ರಕಟವಾದ ತನ್ನ ಸಂದೇಶದಲ್ಲಿ ಸಾರಿದ.

ಎರಡನೆಯದು ಕ್ರಾಂತಿ ಹುಟ್ಟುವ ಬಗೆಯನ್ನು ಕುರಿತ ನಂಬಿಕೆ. ಸಾಂಪ್ರದಾಯಿಕ ಮಾರ್ಕ್ಸ್‌ವಾದವು ಆರ್ಥಿಕ ಬಿಕ್ಕಟ್ಟು, ಸಂಘಟಿತ ಕಾರ್ಮಿಕ ವರ್ಗ ಮೊದಲಾದ ವಸ್ತುಸ್ಥಿತಿಗಳು ಪಕ್ವವಾಗುವವರೆಗೆ ಕಾಯಬೇಕೆಂದರೆ, 1960ರ ತನ್ನ ಗೆರಿಲ್ಲಾ ಯುದ್ಧದ ಗ್ರಂಥದಲ್ಲಿ ಗೆವಾರ ಎಲ್ಲ ಸ್ಥಿತಿಗಳಿಗೂ ಕಾಯಬೇಕಾಗಿಲ್ಲ, ಬಂಡಾಯವೇ ಅವನ್ನು ಸೃಷ್ಟಿಸಬಲ್ಲದು ಎಂದು ವಾದಿಸಿದ. ಹಳ್ಳಿಗಾಡಿನಲ್ಲಿ ನೆಲೆಯೂರಿದ ಸಣ್ಣ ಸಶಸ್ತ್ರ ತಂಡವೇ ಕೇಂದ್ರಬಿಂದುವಾಗಿ ಜನರನ್ನು ತನ್ನತ್ತ ಸೆಳೆಯುತ್ತದೆ ಎಂಬ ಈ ವಿಚಾರಕ್ಕೆ ‘ಫೋಕೊ’ ಸಿದ್ಧಾಂತವೆಂದು ಹೆಸರು. ಸ್ಥಿತಿಗಳನ್ನು ತಂಡವೇ ಸೃಷ್ಟಿಸಬಲ್ಲುದಾದರೆ ಅದು ಯಾವ ದೇಶದಲ್ಲಿದೆ ಎಂಬುದು ಗೌಣವಾಗುತ್ತದೆ. ಗಡಿ ದಾಟುವ ಧೈರ್ಯ ಸಿದ್ಧಾಂತದೊಳಗೇ ಅಡಗಿತ್ತು.

ಮೂರನೆಯ ಮತ್ತು ಅತ್ಯಂತ ಆಳವಾದ ಕಾರಣ ನೈತಿಕವಾದದ್ದು. ಎಲ್ಲಿ ಯಾರಿಗೆ ಅನ್ಯಾಯವಾದರೂ ಅದನ್ನು ತನಗಾದದ್ದೆಂದು ಬಗೆಯುವುದೇ ಕ್ರಾಂತಿಕಾರಿಯ ಲಕ್ಷಣವೆಂದು ತಿಳಿದವನಿಗೆ ಸ್ವದೇಶ–ಪರದೇಶಗಳ ಭೇದವು ಮನುಷ್ಯ ಮಾಡಿಕೊಂಡ ಏರ್ಪಾಡು ಮಾತ್ರ. ತಾನು ಕಂಡ ಸತ್ಯವು ಸರ್ವರಿಗೂ ಸಲ್ಲುವಂಥದೆಂದು ನಂಬಿದ ಧರ್ಮಪ್ರಚಾರಕನು ಅದನ್ನು ತನ್ನ ಊರಿನೊಳಗೆ ಇಟ್ಟುಕೊಳ್ಳಲಾರ. ಇಟ್ಟುಕೊಂಡರೆ ಅದು ಸ್ವಾರ್ಥವೆನಿಸುತ್ತದೆ. ಗೆವಾರನ ತ್ಯಾಗದ ಆದರ್ಶಕ್ಕೂ ಲಾಭಕ್ಕಾಗಿ ದುಡಿಯದ ‘ಹೊಸ ಮನುಷ್ಯ’ನ ಕಲ್ಪನೆಗೂ ಇಂಥದೇ ಧಾರ್ಮಿಕ ಛಾಯೆಯಿದೆ.

ಇದಕ್ಕೆ ಎದುರಾದ ಚಿಂತನೆ ಕ್ರಾಂತಿಯ ಒಳಗಿನಿಂದಲೂ ಬಂದಿದೆ. ಸ್ವಾತಂತ್ರ್ಯವನ್ನು ಯುದ್ಧದ ಮೂಲಕ ನೆರೆನಾಡುಗಳಿಗೆ ಒಯ್ಯಬೇಕೆಂಬ ಕೂಗು ಫ್ರಾನ್ಸಿನಲ್ಲಿ ಎದ್ದಾಗ, 1792ರ ಜನವರಿಯಲ್ಲಿ ಅಲ್ಲಿನ ಕ್ರಾಂತಿಯ ನಾಯಕ ರೊಬೆಸ್ಪಿಯರ್ ಶಸ್ತ್ರಧಾರಿ ಧರ್ಮಪ್ರಚಾರಕರನ್ನು ಯಾರೂ ಪ್ರೀತಿಸರೆಂದು ಎಚ್ಚರಿಸಿದ. 1859ರಲ್ಲಿ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್, ಜನರು ತಾವೇ ಹೋರಾಡಿ ಗಳಿಸದ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಬಲ ಅವರಲ್ಲಿ ಬೆಳೆದಿರುವುದಿಲ್ಲ ಎಂದು ವಾದಿಸಿದ. ಇವರಿಬ್ಬರ ಆಕ್ಷೇಪ ಮುಖ್ಯವಾಗಿ ಪರರಾಜ್ಯದ ಸೈನ್ಯವನ್ನು ಕುರಿತದ್ದು, ಬೆರಳೆಣಿಕೆಯ ಸ್ವಯಂಸೇವಕರನ್ನಲ್ಲ ಎಂದು ಉತ್ತರಿಸಬಹುದು. ಆದರೂ ಪಾಲ್ಗೊಳ್ಳಬೇಕಾದ ಜನರ ಸಮ್ಮತಿಯ ಪ್ರಶ್ನೆಗೆ ಈ ಉತ್ತರ ಸಾಲದೆಂಬುದನ್ನು ಬೊಲಿವಿಯ ತೋರಿಸುತ್ತದೆ.

ಆ ದೇಶದಲ್ಲಿ 1952ರಲ್ಲೇ ಒಂದು ಕ್ರಾಂತಿ ನಡೆದು, ತವರದ ಗಣಿಗಳು ರಾಷ್ಟ್ರೀಕರಣಗೊಂಡು, ಮರುವರ್ಷ ಭೂಸುಧಾರಣೆ ಜಾರಿಗೆ ಬಂದು ಅನೇಕ ರೈತರ ಕೈಗೆ ಜಮೀನು ಸೇರಿತ್ತು. ಗೆವಾರ ಬಂದಾಗ ಅಧ್ಯಕ್ಷನಾಗಿದ್ದ ರೆನೆ ಬಾರಿಯೆಂಟೊಸ್ ಸೇನಾಧಿಕಾರಿಯೇ ಆದರೂ ರೈತರೊಡನೆ ಅವರ ಕೆಚುವಾ ಭಾಷೆಯಲ್ಲೇ ಮಾತನಾಡಬಲ್ಲವನಾಗಿದ್ದ. ಇತ್ತ ಗೆವಾರನ ತಂಡದವರು ಜನರೊಡನೆ ಬೆರೆಯಲೆಂದು ಶಿಬಿರದಲ್ಲಿ ಕೆಚುವಾ ಕಲಿಯತೊಡಗಿದರು. ಆದರೆ ಅವರು ನೆಲೆಯೂರಿದ ಆಗ್ನೇಯ ಭಾಗದ ಮೂಲನಿವಾಸಿಗಳ ಭಾಷೆ ಗುವಾರಾನಿ. ಬೊಲಿವಿಯದ ನೆಲದಲ್ಲಿ ನಡೆಯುವ ಹೋರಾಟಕ್ಕೆ ಬೊಲಿವಿಯದವರೇ ನಾಯಕರಾಗಬೇಕೆಂದು ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಮುಖಂಡ ಮಾರಿಯೊ ಮೊಂಖೆ 1966ರ ಡಿಸೆಂಬರ್ 31ರಂದು ಶಿಬಿರಕ್ಕೇ ಬಂದು ಕೇಳಿದಾಗ ಗೆವಾರ ಒಪ್ಪಲಿಲ್ಲ. ಪಕ್ಷದ ಬೆಂಬಲ ಕೈತಪ್ಪಿತು. ತಂಡದವರಿಂದ ತನ್ನ ಮಕ್ಕಳಿಗೆ ಚಿಕಿತ್ಸೆ ಪಡೆದಿದ್ದ ರೈತನೊಬ್ಬನೇ ಮುಂದೆ 1967ರ ಆಗಸ್ಟ್ 31ರಂದು ತಂಡದ ಒಂದು ಭಾಗವನ್ನು ಸೇನೆ ಹೊಂಚುಹಾಕಿದ್ದ ಹೊಳೆಯ ಕಡವಿಗೆ ಕರೆದೊಯ್ದ. ಅದಕ್ಕೂ ಮೊದಲು, ಅದೇ ವರ್ಷದ ಜೂನ್ 24ರಂದು ಸೇನೆ ಗಣಿಕಾರ್ಮಿಕರ ಮೇಲೆ ಗುಂಡು ಹಾರಿಸಿದಾಗ ಆಕ್ರೋಶ ಕುದಿಯುತ್ತಿದ್ದುದು ದೂರದ ಎತ್ತರದ ಗಣಿನಾಡಿನಲ್ಲಿ. ಕಾಡಿನಲ್ಲಿದ್ದ ಗೆರಿಲ್ಲಾಗಳಿಗೂ ಆ ಕಾರ್ಮಿಕರಿಗೂ ನಡುವೆ ಕೊಂಡಿಯಿರಲಿಲ್ಲ. ರೈತರು ಸೇರುತ್ತಿಲ್ಲವೆಂದು ಗೆವಾರ ತನ್ನ ದಿನಚರಿಯ ಮಾಸಿಕ ಸಾರಾಂಶಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡ. 1967ರ ಅಕ್ಟೋಬರ್ 8ರಂದು ಸೆರೆಸಿಕ್ಕ ಆತನನ್ನು ಮರುದಿನ ಲಾ ಇಗೇರಾ ಎಂಬ ಹಳ್ಳಿಯ ಶಾಲೆಯಲ್ಲಿ ಕೊಲ್ಲಲಾಯಿತು.

ಇದರಿಂದ ಪರದೇಶಿಯಾಗಿದ್ದುದೇ ತಪ್ಪು ಎಂಬ ತೀರ್ಮಾನಕ್ಕೆ ಬರಲಾಗದು. 1817ರಲ್ಲಿ ಆಂಡಿಸ್ ಪರ್ವತ ದಾಟಿ ಚಿಲಿಯ ಬಿಡುಗಡೆಗೆ ಹೋರಾಡಿದ ಸಾನ್ ಮಾರ್ಟಿನ್ ಅರ್ಜೆಂಟೀನಾದವನು. ಕ್ಯೂಬಾದಲ್ಲಿ ಗೆದ್ದ ಗೆವಾರನೂ ಅಲ್ಲಿಯವನಲ್ಲ. ಆದರೆ ಸಾನ್ ಮಾರ್ಟಿನ್ನನ ಸೈನ್ಯದಲ್ಲಿ ಓ'ಹಿಗಿನ್ಸ್‌ನಂತಹ ಚಿಲಿಯ ನಾಯಕರಿದ್ದರು, ಕ್ಯೂಬಾದ ಹೋರಾಟಕ್ಕೆ ಕ್ಯೂಬನ್ನರದೇ ನಾಯಕತ್ವವೂ ನಗರಗಳಲ್ಲಿ ಅವರದೇ ಗುಪ್ತ ಸಂಘಟನೆಯೂ ಇದ್ದವು. ಆ ಎರಡೂ ಕಡೆ ಹೊರಗಿನವನು ಸ್ಥಳೀಯರ ಹೋರಾಟದಲ್ಲಿ ಸೇರಿದ. ಬೊಲಿವಿಯದಲ್ಲಾದರೋ ಹೋರಾಟವನ್ನು ತಾನೇ ಹೂಡಿ, ಸ್ಥಳೀಯರು ಬಂದು ಸೇರಲೆಂದು ಕಾದ. ಸೇರುವುದಕ್ಕೂ ಹೂಡುವುದಕ್ಕೂ ಇರುವ ಅಂತರ ತಂತ್ರದ್ದಷ್ಟೇ ಅಲ್ಲ, ನೀತಿಯದು. ಬಂಡಾಯ ಸೋತರೆ ಸುಟ್ಟುಹೋಗುವ ಮನೆ, ಸೆರೆಮನೆ ಸೇರುವ ಮಗ, ಸೇನೆಯ ಪ್ರತೀಕಾರ ಇವೆಲ್ಲ ಪಾಲಿಗೆ ಬರುವುದು ಆ ನೆಲದ ಜನರಿಗೆ. ಬೆಲೆ ತೆರುವವರಿಗೇ ಅದನ್ನು ತೆರಬೇಕೇ ಎಂದು ನಿರ್ಧರಿಸುವ ಹಕ್ಕೂ ಇರಬೇಕು.

ಗೆವಾರ ತನ್ನ ಪ್ರಾಣವನ್ನೂ ಪಣಕ್ಕಿಟ್ಟನೆಂಬುದು ಆತನ ಪ್ರಾಮಾಣಿಕತೆಗೆ ಸಾಕ್ಷಿಯೇ ಹೊರತು ಇತರರ ಪರವಾಗಿ ನಿರ್ಧರಿಸಲು ಸಿಕ್ಕ ಅಧಿಕಾರಪತ್ರವಲ್ಲ. ಅನ್ಯಾಯವು ಎಲ್ಲೆಡೆಯೂ ಅನ್ಯಾಯವೇ ಎಂಬ ಆತನ ನಂಬಿಕೆ ಸರಿ. ಆದರೆ ನೊಂದವರು ಎಲ್ಲೆಡೆಯೂ ಒಂದೇ ಬಗೆಯವರು, ಆದ್ದರಿಂದ ಅವರನ್ನು ಕೇಳಬೇಕಾಗಿಲ್ಲ ಎಂಬ ಊಹೆ ತಪ್ಪು. ನ್ಯಾಯಕ್ಕೆ ಗಡಿಯಿಲ್ಲ, ಸಮ್ಮತಿಗೆ ಇದೆ. ಗಡಿ ದಾಟುವ ಪ್ರತಿಯೊಬ್ಬ ಕ್ರಾಂತಿಕಾರಿಯೂ ಆ ಸಮ್ಮತಿಯನ್ನು ಮೊದಲು ಗಳಿಸಬೇಕು.