ತೆಳುವಾಗುವ ಬೀಟೆ

ದಪ್ಪ ಹಲಗೆಗೆ ತನ್ನದೇ ಬಲವಿದೆ. 2 ಮಿ.ಮೀ.ಗೆ ಇಳಿದದ್ದಕ್ಕೆ ಅಡಿಯಲ್ಲಿರುವುದರ ಬಲವೇ ಬಲ. ಹತ್ತರಿ ಹಿಡಿಯುವ ಮೊದಲು ಆಚಾರಿ ಬೆಂಚನ್ನು ಸವರಿ ನೋಡುವುದು ಸುಮ್ಮನೆ ಅಲ್ಲ.

*

ಪ್ಲೇನರ್ ಯಂತ್ರಕ್ಕೆ ತೆಳು ಹಲಗೆಯನ್ನು ಹಾಗೇ ಕೊಟ್ಟರೆ ತಿರುಗುವ ಅಲಗು ಅದನ್ನು ಮೇಲಕ್ಕೆಳೆದು ಚೂರುಚೂರು ಮಾಡುತ್ತದೆ. ಬಹಳಷ್ಟು ಯಂತ್ರಗಳು 3 ಮಿ.ಮೀ. ಆಸುಪಾಸಿನಲ್ಲಿ ಕೈಚೆಲ್ಲುವುದು ಅದಕ್ಕೇ. ಅಡಿಗೆ ಸಪಾಟಾದ ದಪ್ಪ ಹಲಗೆ, ನಡುವೆ ಎರಡೂ ಬದಿ ಅಂಟುವ ಟೇಪು: ಇಷ್ಟಾದರೆ ದಾರಿ ಸುಗಮ. ಅಡಿಹಲಗೆ ಸೊಟ್ಟಗಿದ್ದರೆ ಮೇಲಿನದೂ ಅದೇ ಸೊಟ್ಟವನ್ನು ಕಲಿಯುತ್ತದೆ.

*

ಹಲಗೆಯ ತುದಿ ಯಂತ್ರದ ಎರಡು ರೋಲರ್‌ಗಳ ಪೈಕಿ ಒಂದರ ಹಿಡಿತದಲ್ಲಷ್ಟೇ ಇರುವಾಗ ತುಸು ಎದ್ದು ಆಳವಾಗಿ ಕಚ್ಚಿಸಿಕೊಳ್ಳುತ್ತದೆ. ಬೇಕಾದದ್ದಕ್ಕಿಂತ ಉದ್ದ ಇಟ್ಟುಕೊಳ್ಳಿ, ತುದಿ ಕತ್ತರಿಸಿ ಎಸೆಯಿರಿ. ಜಿಪುಣನಿಗೆ ಈ ಕೆಲಸ ಒಗ್ಗದು.

*

ಬೀಟೆಯ ಎಳೆ ಒಂದು ಪಟ್ಟಿಯಲ್ಲಿ ಈ ಕಡೆ ವಾಲಿದರೆ ಪಕ್ಕದ ಪಟ್ಟಿಯಲ್ಲಿ ಆ ಕಡೆ. ಒಂದನ್ನು ನುಣುಪಾಗಿಸಿದ ಅಲಗೇ ಇನ್ನೊಂದನ್ನು ಕಿತ್ತುಹಾಕುತ್ತದೆ. ದಪ್ಪ ಹಲಗೆಯಾದರೆ ಇನ್ನೊಂದು ಪದರ ತೆಗೆದು ಗುಳಿಯನ್ನು ಮರೆಸಬಹುದು. ಇಲ್ಲಿ ತೆಗೆಯಲು ಇನ್ನೊಂದು ಪದರವೇ ಇಲ್ಲ. ಹಾಗಾಗಿ ವಾಡಿಕೆಯ 45 ಡಿಗ್ರಿ ಬಿಟ್ಟು ಹತ್ತರಿಯ ಅಲಗನ್ನು 55, 60ಕ್ಕೆ ನೆಟ್ಟಗೆ ನಿಲ್ಲಿಸುತ್ತಾರೆ. ತಳ್ಳುವ ಶ್ರಮ ಹೆಚ್ಚು, ಕೀಳುವ ಭಯ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಉಕ್ಕಿನ ತಗಡಿನಿಂದ ಹೆರೆಯುವುದೊಂದೇ ಉಳಿಯುತ್ತದೆ. ಮರಳುಕಾಗದ ಸುಲಭ, ನಿಜ. ಆದರೆ ಅದು ಮೆತ್ತಗಿನ ಭಾಗವನ್ನು ಹೆಚ್ಚು ತಿಂದು ಗಟ್ಟಿಯದನ್ನು ಬಿಡುತ್ತದೆ.

*

ಚಕ್ರಗರಗಸದ ಹಲ್ಲು ಸುಮಾರು 3 ಮಿ.ಮೀ. ಅಗಲದ್ದು. ಅದರಲ್ಲಿ 2 ಮಿ.ಮೀ. ಪದರ ಸೀಳಿದರೆ ಕೈಗೆ ಬಂದದ್ದಕ್ಕಿಂತ ಹುಡಿಯಾದದ್ದೇ ಜಾಸ್ತಿ.

*

ಒಂದೇ ಮುಖವನ್ನು ಹೆರೆದು ಹಲಗೆಯನ್ನು ಬೆಂಚಿನ ಮೇಲೆ ಅಂಗಾತ ಬಿಟ್ಟು ಹೋದರೆ ಬೆಳಗ್ಗೆ ಅದು ಹುರಿದ ಹಪ್ಪಳ. ಎರಡೂ ಮುಖದಿಂದ ಸಮ ತೆಗೆಯಬೇಕು, ಎರಡಕ್ಕೂ ಗಾಳಿ ತಾಗುವಂತೆ ಕಡ್ಡಿಗಳ ಮೇಲೆ ಒರಗಿಸಬೇಕು. ಮಲೆನಾಡಿನ ಆಷಾಢದಲ್ಲಂತೂ ಈ ಕೆಲಸಕ್ಕೆ ಕೈ ಹಾಕದಿರುವುದೇ ಜಾಣತನ.

*

ಜಪಾನಿನ ಹತ್ತರಿ ಸ್ಪರ್ಧೆಗಳಲ್ಲಿ 10 ಮೈಕ್ರಾನ್‌ಗಿಂತ ತೆಳುವಾದ ಸುರುಳಿ ತೆಗೆಯುತ್ತಾರೆ. ನೋಡಿ ಬೆರಗಾಗೋಣ. ಆದರೆ ಅದು ಹಿನೋಕಿ, ನೇರ ಎಳೆಯ ಮೆದು ಮರ. ಅಲ್ಲಿ ಮೆಚ್ಚುವುದು ಹೊರಬಿದ್ದದ್ದನ್ನು; ನಮಗೆ ಬೇಕಾದದ್ದು ಉಳಿದದ್ದು.

*

ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತದ ಕುಸುರಿ ಇದೆ. ಕೂರಿಸಿದ ಚೂರನ್ನು ಮರದ ಮಟ್ಟಕ್ಕೆ ತರುವಾಗ ಮರವೂ ಸವೆಯುತ್ತದೆ. ಸವೆಯುವುದಕ್ಕೆಂದು ಮೊದಲೇ ಒಂದಿಷ್ಟು ಹೆಚ್ಚು ಇಟ್ಟವನೇ ಕಸಬುದಾರ.

*

ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂತು. ಅಂದಿನಿಂದ ಎಷ್ಟೋ ಗಿಟಾರ್‌ಗಳ ಪಕ್ಕೆಯಲ್ಲಿ ನಮ್ಮ ಕಾಡಿನ ಮರ 2 ಮಿ.ಮೀ. ದಪ್ಪದಲ್ಲಿ ಬಾಗಿ ಕೂತಿದೆ. 2017ರಲ್ಲಿ ಈ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿ ಸೇರಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ತೆಳುವಾಗಿ ಸೀಳುವುದು ಈಗ ಬರೀ ಕೈಚಳಕವಲ್ಲ, ಕಾಡಿನ ಲೆಕ್ಕವೂ ಹೌದು.

*

ಒಂದೇ ದಪ್ಪದ ಎರಡು ಬೀಟೆ ಹಲಗೆಗಳ ಬಿಗಿ ಒಂದೇ ಆಗಿರುವುದಿಲ್ಲ. ಅದಕ್ಕೇ ಅನುಭವಸ್ಥ ವಾದ್ಯಗಾರರು ಅಳತೆಪಟ್ಟಿಯ ಅಂಕಿಗೆ ನಿಲ್ಲುವುದಿಲ್ಲ. ಹಲಗೆಯನ್ನು ಕೈಯಲ್ಲಿ ತುಸು ಬಗ್ಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಇನ್ನೆರಡು ಸಲ ಹತ್ತರಿ ಆಡಬೇಕೋ ಬೇಡವೋ ಎಂದು ಆಮೇಲೆ ಹೇಳುತ್ತಾರೆ.