ಬೀರುವಿನ ಹಿಂದಿನ ಗೋಡೆ

ತೀರ್ಥಹಳ್ಳಿಯ ನಮ್ಮ ಹೆಂಚಿನ ಮನೆಯನ್ನು ಮಾರುವುದೆಂದು ತೀರ್ಮಾನವಾದ ವಾರವೇ ಬ್ರೋಕರ್ ಬಂದು ಮನೆಯನ್ನೆಲ್ಲ ಸುತ್ತಿ ನೋಡಿದರು. ಅಂಗಳದ ಕಳೆ ಕೀಳಿಸಿ, ಒಡೆದ ಹೆಂಚು ಬದಲಿಸಿ, ಒಳಗೆಲ್ಲ ಸುಣ್ಣ ಹೊಡೆಸಿ ಎಂದರು. ಮಳೆ ನಿಂತ ಕೂಡಲೇ ಗಿರಾಕಿಗಳನ್ನು ಕರೆತರುತ್ತೇನೆ, ಬಾವಿ ತುಂಬಿರುವಾಗಲೇ ತೋರಿಸಬೇಕು ಎಂದರು. ಹೊರಡುವ ಮುನ್ನ ಇನ್ನೆರಡು ಮಾತು ಸೇರಿಸಿದರು. ನಡುಮನೆಯಲ್ಲಿ ಹಾರ ಹಾಕಿದ್ದ ಅಪ್ಪನ ಫೋಟೊ ತೆಗೆದಿಡಬೇಕು, ಸಾವಾದ ಮನೆ ಎಂದರೆ ಜನ ಹಿಂಜರಿಯುತ್ತಾರೆ. ಹಿಂದಿನ ಕೋಣೆಯ ಬೀರುವನ್ನು ಪಡುವಣ ಗೋಡೆಗೆ ಸರಿಸಬೇಕು.

ಆ ಗೋಡೆ ಜಂಬಿಟ್ಟಿಗೆ ಕಲ್ಲಿನದು. ಜೂನ್‌ನಿಂದ ಇರಚಲು ಹೊಡೆದೂ ಹೊಡೆದೂ ನೀರು ಕುಡಿಯುತ್ತದೆ, ಆಗಸ್ಟ್ ಹೊತ್ತಿಗೆ ಒಳಗೆಲ್ಲ ಬೂಷ್ಟು. ಎರಡು ಸಲ ಗಿಲಾವು ಕೆರೆದು ಹೊಸದಾಗಿ ಮಾಡಿಸಿದ್ದೆವು, ಉಪಯೋಗವಾಗಲಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲಮ್ಮ, ಮನೆ ಮಾರೋದೂ ಹಾಗೇ. ನಾವಂತೂ ಸುಳ್ಳೂ ಹೇಳ್ತಿಲ್ಲ, ಬೀರು ಸರಿಸ್ತಿದ್ದೀವಿ ಅಷ್ಟೆ" ಎಂದರು ಬ್ರೋಕರ್. ಅಮ್ಮ ನಕ್ಕರು. ನಾನೂ ನಕ್ಕೆ.

ನಾನು ಸಂಶೋಧನೆ ಮಾಡುತ್ತಿರುವುದು ನೀತಿಶಾಸ್ತ್ರದಲ್ಲಿ. ಬ್ರೋಕರ್ ಆಡಿದ ಈ ಮಾತಿಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದು ನನಗೆ ಗೊತ್ತಿತ್ತು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಮನೆ ಮಾರುವವನೊಬ್ಬನ ಪ್ರಸಂಗ ಬರುತ್ತದೆ. ಮನೆಯಲ್ಲಿ ವಾಸಿಸಿದರೆ ಆರೋಗ್ಯ ಕೆಡುತ್ತದೆ, ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮರಮುಟ್ಟು ಕಳಪೆ. ಇದೆಲ್ಲ ಮಾಲೀಕನೊಬ್ಬನಿಗೇ ಗೊತ್ತು. ಅವನು ಹೇಳದೆ ಮಾರಿದರೆ ತಪ್ಪೇ? ತಪ್ಪು ಎನ್ನುತ್ತಾನೆ ಸ್ಟೋಯಿಕ್ ಪಂಥದ ಆಂಟಿಪೇಟರ್. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೆಟ್ಟದ್ದು. ಅದೇ ಪಂಥದ, ಬ್ಯಾಬಿಲೋನಿನ ಡಯೋಜಿನಿಸ್ ಒಪ್ಪುವುದಿಲ್ಲ. ಕೊಳ್ಳು ಎಂದು ಯಾರೂ ಬಲವಂತ ಮಾಡಲಿಲ್ಲ; ಕೊಳ್ಳುವವನಿಗೆ ಕಣ್ಣಿದೆ, ಬುದ್ಧಿಯಿದೆ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಸಿಸೆರೊ ಕೊನೆಗೆ ಆಂಟಿಪೇಟರನ ಕಡೆಗೆ ನಿಲ್ಲುತ್ತಾನೆ. ನಮ್ಮ ದೇಶದ ಕಾನೂನೂ ಅಷ್ಟೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಿಸದಂಥ ಮುಖ್ಯ ದೋಷವೊಂದು ಮಾರುವವರಿಗೆ ತಿಳಿದಿದ್ದರೆ ಅದನ್ನು ಹೇಳಬೇಕು. ಹೇಳದಿದ್ದರೆ ಅದು ವಂಚನೆ.

ಇಷ್ಟು ತಿಳಿದಿದ್ದೂ ಬೀರುವಿನ ಒಂದು ತುದಿ ಹಿಡಿದು ಸರಿಸಿದವನು ನಾನೇ. ಆಗ ಏನೂ ಅನ್ನಿಸಲಿಲ್ಲ. ಅಪ್ಪನ ಫೋಟೊ ಇಳಿಸುವಾಗ ಮಾತ್ರ ಕೈ ನಡುಗಿತು. ದೊಡ್ಡ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತು. ಈಗ ಯೋಚಿಸಿದರೆ ನನ್ನ ಸಂಕಟ ತಪ್ಪು ಜಾಗದಲ್ಲಿತ್ತು. ಫೋಟೊ ಇಳಿಸಿದ್ದರಿಂದ ನೋವಾದದ್ದು ನಮಗೆ. ಬೀರು ಸರಿಸಿದ್ದರಿಂದ ನೋವಾಗಲಿದ್ದದ್ದು ನಾವಿನ್ನೂ ನೋಡಿರದ ಯಾರಿಗೋ. ಮನಸ್ಸು ಅಳುಕಿದಲ್ಲೆಲ್ಲ ತಪ್ಪು ಇರುವುದಿಲ್ಲ, ಅಳುಕದೆ ಮಾಡಿದ್ದೆಲ್ಲ ಸರಿಯೂ ಆಗುವುದಿಲ್ಲ.

ಹಾಗಾದರೆ ಮಾರುವ ಮನೆಯನ್ನು ಚೆಂದ ಮಾಡುವುದೇ ಮೋಸವೇ? ಹಾಗೇನಿಲ್ಲ. ನೆಂಟರು ಬರುತ್ತಾರೆಂದರೆ ನಾವು ಅಂಗಳ ಗುಡಿಸಿ ರಂಗೋಲಿ ಹಾಕುತ್ತೇವೆ. ದಿನವೂ ಮನೆ ಹೀಗೇ ಇರುತ್ತದೆಂದು ಯಾರೂ ನಂಬುವುದಿಲ್ಲ, ಮೋಸ ಹೋದೆವೆಂದು ದೂರುವುದೂ ಇಲ್ಲ. ನನಗೆ ತೋಚಿದ ಪರೀಕ್ಷೆ ಇಷ್ಟು: ನಾನು ಮಾಡಿದ್ದನ್ನು ಬಂದವರಿಗೆ ಬಾಯಿಬಿಟ್ಟು ಹೇಳಿದರೂ ಅದರ ಉಪಯೋಗ ಉಳಿಯುತ್ತದೆಯೇ? 'ನೀವು ಬರುತ್ತೀರೆಂದು ಸುಣ್ಣ ಹೊಡೆಸಿದೆವು' ಎಂದರೆ ಗೋಡೆ ಬೆಳ್ಳಗೇ ಇರುತ್ತದೆ. 'ಬಾವಿ ಈಗ ತುಂಬಿದೆ, ಏಪ್ರಿಲ್‌ನಲ್ಲಿ ತಳ ಕಾಣುತ್ತದೆ' ಎಂದರೆ ಬ್ರೋಕರ್ ಹುಡುಕಿದ ಒಳ್ಳೆಯ ಕಾಲದ ಅರ್ಧ ಬೆಲೆ ಹೋಗುತ್ತದೆ. 'ಬೂಷ್ಟು ಕಾಣಬಾರದೆಂದು ಬೀರು ಇಟ್ಟಿದ್ದೇವೆ' ಎಂದರೆ ಏನೂ ಉಳಿಯುವುದಿಲ್ಲ. ಎದುರಿನವರಿಗೆ ತಿಳಿಯದಿದ್ದರೆ ಮಾತ್ರ ಫಲ ಕೊಡುವ ಸಿದ್ಧತೆ ಅಲಂಕಾರವಲ್ಲ.

ಅಪ್ಪನ ಫೋಟೊ ಈ ಪರೀಕ್ಷೆಗೆ ಪೂರ್ತಿ ಸಿಕ್ಕುವುದಿಲ್ಲ, ಒಪ್ಪುತ್ತೇನೆ. ಅದನ್ನು ಇಳಿಸಿದ್ದೂ ತಿಳಿಯದಿರಲಿ ಎಂದೇ. ಆದರೆ ತೇವದ ಗೋಡೆ ಮುಂದಿನವರ ಉಸಿರಿಗೆ ತಗಲುತ್ತದೆ. ಅಪ್ಪ ಇದೇ ಮನೆಯಲ್ಲಿ ತೀರಿಕೊಂಡದ್ದು ಯಾರ ಆರೋಗ್ಯಕ್ಕೂ ತಗಲುವುದಿಲ್ಲ. ನಮ್ಮ ದುಃಖವನ್ನು ಗೋಡೆಯ ಮೇಲಿಟ್ಟು ತೋರಿಸುವ ಕರ್ತವ್ಯ ನಮಗಿಲ್ಲ. ಕೇಳಿದರೆ ಸುಳ್ಳು ಹೇಳಬಾರದು, ಅಷ್ಟೆ.

ಅಕ್ಟೋಬರ್ ಕೊನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಮನೆ ಹಿಡಿಸಿತು. ಹಿಂದಿನ ಕೋಣೆಯಲ್ಲಿ ನಿಂತು ಆಕೆ, "ಇದು ಅತ್ತೆಗೆ ಸರಿಯಾಗತ್ತೆ ಅಲ್ವಾ? ಗದ್ದಲ ಇರಲ್ಲ" ಎಂದರು. ಅಮ್ಮ ನೆಲ ನೋಡಿದರು. ನಾನು ಕಿಟಕಿ ನೋಡಿದೆ. ಇಬ್ಬರೂ ಮಾತಾಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಗೋಡೆಯ ವಿಷಯವನ್ನೂ ಬಾವಿಯ ವಿಷಯವನ್ನೂ ಹೇಳಿದೆ. ಅವರು ಥ್ಯಾಂಕ್ಸ್ ಎಂದರು, ಮತ್ತೆ ಬರಲಿಲ್ಲ. ಮನೆ ಮಾರಾಟವಾದದ್ದು ಮಾರ್ಚ್‌ನಲ್ಲಿ, ಎಲ್ಲವನ್ನೂ ಕೇಳಿಸಿಕೊಂಡ ಇನ್ನೊಬ್ಬರಿಗೆ, ಎರಡು ಲಕ್ಷ ಕಡಿಮೆಗೆ. ಅಪ್ಪನ ಚಿಕಿತ್ಸೆಗೆ ಮಾಡಿದ ಸಾಲ ತೀರಿತು. ಅಮ್ಮನಿಗೆ ಶಿವಮೊಗ್ಗದಲ್ಲಿ ಭೋಗ್ಯಕ್ಕೆಂದು ನೋಡಿದ್ದ ಮನೆ ಮಾತ್ರ ಕೈತಪ್ಪಿತು. ಈಗ ಅವರು ಅಣ್ಣನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ.

ಅಣ್ಣ ಒಂದೇ ಪ್ರಶ್ನೆ ಕೇಳಿದ: "ನಿನ್ನ ಸತ್ಯಕ್ಕೆ ಅಮ್ಮ ಯಾಕೋ ದುಡ್ಡು ಕೊಡಬೇಕು?"

ಸಿಸೆರೊನ ಪ್ರಸಂಗದಲ್ಲಿ ಈ ಪ್ರಶ್ನೆ ಇಲ್ಲ. ಅಲ್ಲಿ ಮನೆ ಮಾರುವವನು ಒಬ್ಬಂಟಿ. ಸತ್ಯ ಹೇಳಿದರೆ ನಷ್ಟ ಅವನದೇ. ನಾನು ಹೇಳಿದ ಸತ್ಯದ ನಷ್ಟವನ್ನು ಹೊತ್ತವರು ಅಮ್ಮ, ಅದೂ ನಾನು ಅವರನ್ನು ಕೇಳದೆ ಫೋನ್ ಮಾಡಿದ್ದರಿಂದ. ಮೊದಲು ಅಮ್ಮನ ಹತ್ತಿರ ಕೂತು ಮಾತಾಡಬೇಕಿತ್ತು. ಅವರು ಬೇಡ ಎನ್ನಬಹುದೆಂಬ ಹೆದರಿಕೆಯಿಂದಲೇ ಕೇಳಲಿಲ್ಲವೇನೋ. ಅಲ್ಲಿಗೆ ನಾನೂ ಒಂದು ಬೀರು ಸರಿಸಿದ ಹಾಗಾಯಿತು.

ಆದರೂ ಫೋನ್ ಮಾಡಬಾರದಿತ್ತು ಎಂದು ನನಗೆ ಅನ್ನಿಸುವುದಿಲ್ಲ. ನಾವು ಸುಮ್ಮನಿದ್ದಿದ್ದರೂ ಆ ದುಡ್ಡನ್ನು ಯಾರೋ ಒಬ್ಬರು ಕೊಡಲೇಬೇಕಿತ್ತು. ಆ ದಿನ ಮನೆ ನೋಡಲು ಬಾರದಿದ್ದ, ಆ ಕೋಣೆಯಲ್ಲಿ ಮಲಗಬೇಕಾಗಿದ್ದ ಅತ್ತೆ. ಅವರನ್ನೂ ಯಾರೂ ಕೇಳಿರಲಿಲ್ಲ.