ಮರದ ದೇವರ ಸವೆತ

ಸವೆದ ದೇವತಾಮೂರ್ತಿಯನ್ನು ಎಷ್ಟರಮಟ್ಟಿಗೆ ಹೊಸದಾಗಿಸಬಹುದು ಎಂಬ ಪ್ರಶ್ನೆ ಕಲ್ಲಿಗಿಂತ ಮರದ ಮೂರ್ತಿಗಳ ವಿಷಯದಲ್ಲಿ ಹೆಚ್ಚು ಜಟಿಲವಾಗುತ್ತದೆ, ಏಕೆಂದರೆ ಅಲ್ಲಿ ರೂಪದ ಬಹುಭಾಗ ಮೇಲಿನ ಲೇಪದಲ್ಲಿರುತ್ತದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಪೊಲ್ಕಿ ಮರದ ತುಂಡುಗಳನ್ನು ಕೆತ್ತಿ ಜೋಡಿಸಿ, ಹುಣಸೆಬೀಜದ ಸರಿಯಲ್ಲಿ ಸೆಣಬಿನ ಪುಡಿ ಬೆರೆಸಿದ ‘ಕಿಟ್ಟ’ವನ್ನು ಕೈಯಿಂದಲೇ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಮೇಲಷ್ಟೇ ಬಣ್ಣಕ್ಕೆ ಕೈಹಾಕುತ್ತಾರೆ. ಕೊರಳ ಸರ, ಕಿರೀಟದ ಹರಳು ಉಬ್ಬಿ ಕಾಣುವುದು ಈ ಕಲ್ಲುಪುಡಿಯ ಲೇಪದಿಂದಲೇ ಆದ್ದರಿಂದ, ಲೇಪ ಕಿತ್ತುಬಂದ ಮೂರ್ತಿ ಬಣ್ಣದ ಜೊತೆಗೆ ಆಭರಣವನ್ನೂ ಕಳೆದುಕೊಳ್ಳುತ್ತದೆ.

ಜಾತ್ರೆಗೆ ಮುನ್ನ ದ್ಯಾಮವ್ವನಂಥ ಗ್ರಾಮದೇವತೆಯರ ಮರದ ಮೂರ್ತಿಗೆ ಬಣ್ಣ ಹಚ್ಚಿಸುವ ರೂಢಿ ಉತ್ತರ ಕರ್ನಾಟಕದಲ್ಲಿ ಹಳೆಯದು. ಇಂಥ ಕೆಲಸಕ್ಕೆ ಆಗಮಗಳು ‘ಕಲಾಕರ್ಷಣ’ದ ವಿಧಿಯನ್ನು ಹೇಳುತ್ತವೆ: ಮೂರ್ತಿಯಲ್ಲಿರುವ ದೈವಕಲೆಯನ್ನು, ಅಂದರೆ ಸಾನ್ನಿಧ್ಯವನ್ನು, ನೀರು ತುಂಬಿದ ಕುಂಭಕ್ಕೆ ಆವಾಹಿಸಿ, ದುರಸ್ತಿ ಮುಗಿಯುವವರೆಗೆ ಪೂಜೆಯನ್ನು ಆ ಕುಂಭಕ್ಕೇ ಸಲ್ಲಿಸುವುದು. ಅಷ್ಟು ದಿನ ಮೂರ್ತಿ ಬರಿಯ ಮರವಾಗಿರುವುದರಿಂದ ಉಳಿ ತಾಗಿಸಿದರೂ ಅಪಚಾರವಿಲ್ಲ. ದೇವರ ಗುರುತು ದ್ರವ್ಯಕ್ಕೆ ಅಂಟಿಕೊಂಡಿಲ್ಲವೆಂಬ ತಿಳುವಳಿಕೆ ಈ ವಿಧಿಯ ಹಿಂದಿದೆ. ತಾರ್ಕಿಕರು ಇಷ್ಟಕ್ಕೆ ಸುಮ್ಮನಾಗುವವರಲ್ಲ. ಅವಯವಗಳಿಂದ ಹುಟ್ಟುವ ಇಡಿಯ ವಸ್ತುವನ್ನು ‘ಅವಯವಿ’ ಎಂದು ಕರೆಯುವ ನ್ಯಾಯ–ವೈಶೇಷಿಕರ ಪ್ರಕಾರ ಒಂದು ಅವಯವ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಬೌದ್ಧರಾದರೋ ಅವಯವಿಯೆಂಬುದನ್ನೇ ಒಪ್ಪುವುದಿಲ್ಲ. ಈ ಎರಡು ಲೆಕ್ಕದಲ್ಲಿಯೂ ಕಳೆದ ಜಾತ್ರೆಯ ದ್ಯಾಮವ್ವ ಈ ಜಾತ್ರೆಗೆ ಬರಲಾರಳು, ಆದರೂ ಊರು ಅವಳನ್ನು ಗುರುತಿಸುತ್ತದೆ.

ಹಾಗೆ ಗುರುತಿಸುವುದಕ್ಕೆ ಆಧಾರವಾಗಿ ಉಳಿಯುವುದು ಸವೆತವೇ ಎನ್ನಬೇಕು. ಹುಳು ಕೊರೆದ ತೂತು, ಬಿಸಿಲಿಗೆ ಬಿಟ್ಟ ಬಿರುಕು ಕೇವಲ ಹಾನಿಗಳಾದ್ದರಿಂದ ಅವನ್ನು ಕಿಟ್ಟದಿಂದ ತುಂಬುವುದೇ ಸರಿ. ಭಕ್ತರ ಕೈ ತಾಗಿ ತಾಗಿ ನುಣುಪಾದ ಪಾದ, ಎಣ್ಣೆ ಕುಡಿದು ಕಪ್ಪಾದ ಅಂಚು ಮಾತ್ರ ಪೂಜೆಯಿಂದಲೇ ರೂಪುಗೊಂಡವು. ಅವನ್ನು ಅರದಿಂದ ಉಜ್ಜಿ, ಮಿರುಗುವ ಎನಾಮೆಲ್ ಬಳಿದು ಅಂಗಡಿಯ ಗೊಂಬೆಯಂತೆ ಮಾಡುವುದು ದುರಸ್ತಿಯ ಹೆಸರಿನಲ್ಲಿ ನಡೆಯುವ ಅಳಿಸಾಟ. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬ 1964ರ ವೆನಿಸ್ ಸನದಿನ ನಿಯಮ ಇಷ್ಟರಮಟ್ಟಿಗೆ ಇಲ್ಲಿಯೂ ಸಲ್ಲುತ್ತದೆ.

ಅದಕ್ಕಿಂತ ಮುಂದೆ ಸಲ್ಲುವುದಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿಚಿತ್ರಗಳು ಕಿನ್ನಾಳದವರ ಪೂರ್ವಿಕರ ಕೈಕೆಲಸವೆಂಬ ನಂಬಿಕೆಯಿದೆ. ಅಲ್ಲಿ ಮಾಸಿದ ಗೆರೆಯನ್ನು ಮಾಸಿದಂತೆಯೇ ಕಾಯಬಹುದು, ಏಕೆಂದರೆ ನೋಡುವವರು ಕೆಳಗೆ ನಿಂತ ಜನ ಮಾತ್ರ. ಪೂಜೆಯ ಮೂರ್ತಿಯಲ್ಲಿ ದೇವಿಯೂ ನೋಡಬೇಕು. ‘ನೇತ್ರೋನ್ಮೀಲನ’ವೆಂಬ ಕಣ್ಣು ತೆರೆಸುವ ವಿಧಿಯಿಲ್ಲದೆ ಪ್ರತಿಷ್ಠೆ ಪೂರ್ಣವಾಗದಿರುವಾಗ, ಮಾಸಿದ ಕಣ್ಣನ್ನು ಹಳಮೆಯ ಚೆಲುವೆಂದು ಹಾಗೆಯೇ ಬಿಡಲಾಗದು, ಪಾದದ ಸವೆತವನ್ನು ಮುಟ್ಟದ ಚಿತ್ರಗಾರನೂ ಕಣ್ಣುಗುಡ್ಡೆಯ ಕಪ್ಪನ್ನು ಹೊಸದಾಗಿಯೇ ತಿದ್ದಬೇಕಾಗುತ್ತದೆ.